ಎಡಗಡೆಯ ಸಿದ್ದ

ಕಂಡಕ್ಟರ್ ಕೆಲಸದಿಂದ ರಿಟೈರ್ ಆದ ಮೇಲೆ ನಾನು ಚಿತ್ರ ಬರೆಯುವುದನ್ನು ಕಲಿತೆ. ಇದನ್ನು ಕೇಳಿದವರು ಮೊದಲು ನಗುತ್ತಾರೆ, ಆಮೇಲೆ 'ಒಳ್ಳೇದು ಬಿಡಿ, ಟೈಂಪಾಸ್ ಆಗುತ್ತೆ' ಅನ್ನುತ್ತಾರೆ. ನಕ್ಕರೆ ನನಗೇನೂ ಬೇಸರವಿಲ್ಲ. ಆ ಎರಡನೇ ಮಾತಿಗೆ ಮಾತ್ರ ಮೈ ಉರಿಯುತ್ತದೆ. ಟೈಂಪಾಸ್ ಮಾಡಲು ಮಳವಳ್ಳಿ ಬಸ್ ಸ್ಟ್ಯಾಂಡಿನ ಕಲ್ಲುಬೆಂಚೇ ಸಾಕಿತ್ತಲ್ಲ. ಅಲ್ಲಿ ನನ್ನ ಹಳೇ ಡ್ರೈವರುಗಳೆಲ್ಲ ಕೂತು ಪೇಪರ್ ಓದುತ್ತಾರೆ, ರಾಜಕೀಯ ಮಾತಾಡಿ ಜಗಳ ಕಾಯುತ್ತಾರೆ. ನಾನು ಅಲ್ಲಿಗೆ ಹೋಗದೆ ಮನೆಯಲ್ಲಿ ಕೂತು ಬದನೆಕಾಯಿ ಬರೆಯುತ್ತಿದ್ದೆ.

ಬದನೆಕಾಯಿ ಯಾಕೆಂದರೆ, ಫೋನಿನಲ್ಲಿ ಪಾಠ ಹೇಳುವ ಮಹಾರಾಯ ಹಾಗೆ ಹೇಳಿದ್ದ. ಅವನ ಮುಖ ಯಾವತ್ತೂ ಕಾಣುವುದಿಲ್ಲ, ಕೈ ಮತ್ತು ಪೆನ್ಸಿಲ್ ಮಾತ್ರ. 'ನಿಮಗೆ ಗೊತ್ತಿರುವುದನ್ನು ಬರೆಯಬೇಡಿ, ಎದುರಿಗೆ ಕಾಣುವುದನ್ನು ಬರೆಯಿರಿ. ದಿನಾ ಬರೆಯಿರಿ. ಎದುರಿಗೆ ಇಲ್ಲದ್ದನ್ನು ಫೋಟೋ ನೋಡಿ ಬರೆಯಿರಿ.' ಇಷ್ಟೇ ಅವನ ಪಾಠ. ಕೇಳಲು ಬಹಳ ಸುಲಭ. ಬದನೆಕಾಯಿ ಬರೆದು ನನ್ನ ಹೆಂಡತಿ ಚಲುವಮ್ಮನಿಗೆ ತೋರಿಸಿದೆ. ಅವಳು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಬಲ್ಬಾ?" ಅಂದಳು.

"ಬದನೆಕಾಯಿ."

"ಬದ್ನೆಕಾಯ್ ಇಲ್ಲಿ ಅದೆ. ಬೆಳಿಗ್ಗೆಯಿಂದ ನೀವು ಮುಟ್ಟಕ್ಕೆ ಬುಟ್ಟಿಲ್ಲ. ಪಲ್ಯ ಮಾಡ್ಲೋ ಬ್ಯಾಡ್ವೋ?"

ಹೀಗೆ ನಮ್ಮ ಮನೆಯ ಅಡುಗೆ ನನ್ನ ಅಭ್ಯಾಸದ ಹಿಂದೆ ಕಾಯುತ್ತಾ ನಿಂತಿತು. ಚೊಂಬು, ಈಳಿಗೆಮಣೆ, ಹಿತ್ತಲಿನ ನುಗ್ಗೇಮರ, ಕಟ್ಟೆ ಮೇಲೆ ಮಲಗುವ ನಾಯಿ, ಎಲ್ಲವನ್ನೂ ಬರೆದೆ. ಚೊಂಬು ಚೊಂಬಿನ ಹಾಗೆ ಕಾಣಲು ಒಂದು ಮಳೆಗಾಲ ಹಿಡಿಯಿತು. ಆದರೆ ಕೈಗಳು ಮಾತ್ರ ಮೊದಲ ದಿನದಿಂದಲೇ ನನಗೆ ಬಂದವು. ಚಲುವಮ್ಮ ಅವರೆಕಾಯಿ ಸುಲಿಯುವ ಕೈ, ಹಾಲಿನವನ ಕೈ, ಬಾಗಿಲಿಗೆ ಬಂದು ಹೂವು ಅಳೆದುಕೊಡುವಾಕೆಯ ಕೈ. ಯಾಕೆಂದರೆ ಸರ್ವಿಸ್ ಪೂರ್ತಿ ನಾನು ನೋಡಿದ್ದು ಕೈಗಳನ್ನೇ. ತುಂಬಿದ ಬಸ್ಸಿನಲ್ಲಿ ಮುಖ ಯಾರಿಗೆ ಕಾಣುತ್ತದೆ? ಜನದ ನಡುವಿನಿಂದ ಒಂದು ಕೈ ಮುಂದೆ ಬರುತ್ತದೆ, ಟಿಕೇಟು ಅದಕ್ಕೆ ಹೋಗುತ್ತದೆ. ಕಬ್ಬು ಕಡಿಯುವ ಕೈ ಯಾವುದು, ಮೇಷ್ಟರ ಕೈ ಯಾವುದು, ಟಿಕೇಟು ಇಲ್ಲದೆ ಇಳಿಯಲು ಹೊಂಚು ಹಾಕುವ ಕೈ ಯಾವುದು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಹಾಗಾಗಿ ಕೈ ಬರೆದರೆ ಜೀವ ಬರುತ್ತಿತ್ತು. ಮುಖ ಬರೆದರೆ ಎಲ್ಲರೂ ಒಬ್ಬನೇ ಆಗುತ್ತಿದ್ದರು, ಆಧಾರ್ ಕಾರ್ಡಿನಲ್ಲಿ ಇರುವ ಹಾಗೆ.

ನನ್ನ ಚಿತ್ರಗಳನ್ನು ಎಲ್ಲರಿಗಿಂತ ಹೆಚ್ಚು ಆಡಿಕೊಂಡವನು ಜವರಯ್ಯ. ಚಲುವಮ್ಮನ ತಮ್ಮ, ಪೂರಿಗಾಲಿಯಲ್ಲಿ ಬೇಸಾಯ. ಊರಲ್ಲಿ ಎಲ್ಲರೂ ಟ್ರ್ಯಾಕ್ಟರ್ ಹಿಡಿದ ಮೇಲೂ ಎತ್ತು ಕಟ್ಟುತ್ತಿದ್ದವನು. ಅವನ ಲೆಕ್ಕದಲ್ಲಿ ನಾನು ಮಣ್ಣು ಮುಟ್ಟದವನು, 'ಟರ್ರಂತ ಟಿಕೇಟ್ ಅರ್ದು ಉಂಡೋನು'. ಮದುವೆಯಾದ ದಿನದಿಂದ ಇದನ್ನೇ ಕೇಳಿಕೊಂಡು ಬಂದಿದ್ದೇನೆ. ಒಮ್ಮೆ ಅವನಿಗೆ ಮೆಚ್ಚಿಗೆಯಾಗಲಿ ಎಂದು, ಫೋನಿನಲ್ಲಿ ಎತ್ತಿನ ಫೋಟೋ ಹುಡುಕಿ, ಅದನ್ನು ನೋಡಿ ಎರಡು ದಿನ ಕೂತು ತಿದ್ದಿ ಬರೆದೆ. ತೋರಿಸಿದೆ. ಅವನು ಬೀಡಿ ಪಕ್ಕಕ್ಕಿಟ್ಟು ನೋಡಿದ.

"ಬಾವ, ಇದ್ರ ಇಣಿಲೆಲ್ಲಿ? ನೊಗ ಎಲ್ಲ್ ಕೂರ್ತದೆ, ಇದ್ರ ತಲೆ ಮ್ಯಾಲಾ?"

ನೋಡಿದರೆ ನಿಜ. ಹೆಗಲ ಮೇಲೆ ನೊಗ ತಡೆಯುವ ಡುಬ್ಬ, ಆ ಹಿಣಿಲೇ ಇಲ್ಲ. ಅದು ಯಾವುದೋ ಸೀಮೆಯ ದನ. ಫೋಟೋದಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದಿದ್ದೆ. ಪೂರಿಗಾಲಿಯ ಆ ಬೀದಿ ಪೂರ್ತಿ ನಕ್ಕಿತು, ಚಲುವಮ್ಮನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವತ್ತು ನಾನು ಊಟ ಮಾಡದೆ ಬಸ್ಸು ಹತ್ತಿದೆ.

ಹೋದ ವರ್ಷ ಕಾರ್ತಿಕ ಕಳೆದ ಮೇಲೆ ಅದೇ ಜವರಯ್ಯ ಮಳವಳ್ಳಿಗೆ ಬಂದ. ಹೇಳದೆ ಕೇಳದೆ ಬರುವವನಲ್ಲ. ನಡುಮನೆಯಲ್ಲಿ ಕೂತ, ಚಲುವಮ್ಮ ಕೊಟ್ಟ ಕಾಫಿ ಆರಿಹೋಗುವ ತನಕ ಹಿಡಿದುಕೊಂಡೇ ಇದ್ದ. ಅವನ ಜೋಡಿಯಲ್ಲಿ ಒಂದು ಎತ್ತು, ಸಿದ್ದ, ಸತ್ತುಹೋಗಿತ್ತು. ವಯಸ್ಸಾಗಿತ್ತು, ಒಂದು ಬೆಳಿಗ್ಗೆ ಏಳಲಿಲ್ಲ ಅಷ್ಟೆ. ಗದ್ದೆಯ ಮೂಲೆಯಲ್ಲಿ ಮಣ್ಣು ಮಾಡಿದ್ದರು. ಇನ್ನೊಂದು, ಮಲ್ಲ, ಕೊಟ್ಟಿಗೆಯಲ್ಲಿ ಒಂಟಿಯಾಗಿ ನಿಂತಿತ್ತು.

"ಬಾವ," ಅಂದ, ನೆಲ ನೋಡಿಕೊಂಡು. "ಸಿದ್ದನ್ನೂ ಮಲ್ಲನ್ನೂ ಜತೇಲಿ ಒಂದ್ ಚಿತ್ರ ಬರ್ಕೊಡ್ತೀಯಾ? ಸಂಕ್ರಾಂತಿ ಒಳಗೆ."

ಇಷ್ಟು ವರ್ಷದಲ್ಲಿ ಅವನು ನನ್ನನ್ನು ಏನನ್ನೂ ಕೇಳಿದವನಲ್ಲ. ನನ್ನ ಎದೆ ತುಂಬಿ ಬಂತು, ಹೇಳಲು ನಾಚಿಕೆಯಿಲ್ಲ. ಸಂಕ್ರಾಂತಿ ಯಾಕೆ ಎನ್ನುವುದೂ ನನಗೆ ಗೊತ್ತಿತ್ತು. ಸಂಜೆ ಕಿಚ್ಚು ಹಾಯಿಸುವಾಗ ಬೆಂಕಿಗೆ ಮೊದಲು ನೆಗೆಯುತ್ತಿದ್ದವನು ಸಿದ್ದ. ಅವನು ನೆಗೆದರೆ ಮಾತ್ರ ಮಲ್ಲ ನೆಗೆಯುತ್ತಿದ್ದ. ಈ ವರ್ಷ ಬೀದಿಯ ಎತ್ತುಗಳೆಲ್ಲ ಬಣ್ಣ ಬಳಿದುಕೊಂಡು ನಿಂತಾಗ ಅವನ ಮನೆ ಮುಂದೆ ಜೋಡಿ ಇರುವುದಿಲ್ಲ. ಗೋಡೆ ಮೇಲಾದರೂ ಇರಲಿ ಎಂದು ಅವನ ಆಸೆ.

ಸರಿ, ನಾನು ಟೊಂಕ ಕಟ್ಟಿ ನಿಂತೆ. ಮಲ್ಲನನ್ನು ಎದುರಿಗೆ ನೋಡಿ ಬರೆಯಬಹುದು, ಸತ್ತವನನ್ನು ಹೇಗೆ ಬರೆಯುವುದು? ಜವರಯ್ಯನ ಮಗಳು ಚಂದನ, ಮಳವಳ್ಳಿ ಕಾಲೇಜಿಗೆ ಹೋಗುವವಳು, ತನ್ನ ಫೋನಿನಿಂದ ಒಂದು ಫೋಟೋ ಕಳಿಸಿದಳು. ಗಾಡಿ ಕಟ್ಟಿ ನಿಂತ ಜೋಡಿಯ ಮುಂದೆ ಅವಳೇ ನಿಂತು ತೆಗೆದುಕೊಂಡದ್ದು. ಒಂದು ಕೈ ಫೋನ್ ಹಿಡಿದು ಮುಂದಕ್ಕೆ ಚಾಚಿದೆ, ಇನ್ನೊಂದು ಕೈ ಸಿದ್ದನ ಹಣೆಯ ಮೇಲಿದೆ. ಸಿದ್ದನ ಒಂದು ಕೊಂಬಿನ ತುದಿ ಒಳಕ್ಕೆ ಬಾಗಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಸಿದ್ದನದು ಅಂತ ಇದ್ದದ್ದು ಅದೊಂದೇ ಫೋಟೋ.

ಈ ಸಲ ಹಳೇ ತಪ್ಪು ಮಾಡಬಾರದು ಎಂದು ಹಟ ಹಿಡಿದೆ. ಬಸ್ಸಿನಲ್ಲಿ ಪೂರಿಗಾಲಿಗೆ ಹೋಗಿ ಮಲ್ಲನ ಕಾಲು, ಗೊರಸು, ಕುತ್ತಿಗೆ ಕೆಳಗೆ ಜೋಲುವ ಗಂಗೆದೊಗಲು, ಹಿಣಿಲು ಬಿಡಿಬಿಡಿಯಾಗಿ ಬರೆದುಕೊಂಡು ಬರುತ್ತಿದ್ದೆ. ಫೋಟೋದಲ್ಲಿರುವ ಎತ್ತು ಇನ್ಸ್‌ಪೆಕ್ಟರ್ ಬಂದಾಗ ನಿಲ್ಲುವ ಡ್ರೈವರನ ಹಾಗೆ ಅಲುಗಾಡದೆ ನಿಂತಿರುತ್ತದೆ. ಜೀವಂತ ಎತ್ತು ಬಾಲ ಬೀಸುತ್ತದೆ, ನೊಣ ಓಡಿಸುತ್ತದೆ, ನಾವು ಕಾಲು ಬರೆಯುವಾಗಲೇ ಕಾಲು ಬದಲಿಸುತ್ತದೆ. ಬೈದುಕೊಂಡು ಬರೆದೆ, ಹರಿದು ಬರೆದೆ. ಬಾಗಿದ ಕೊಂಬನ್ನು ಎಷ್ಟು ಸಲ ಬರೆದೆನೋ ದೇವರಿಗೇ ಗೊತ್ತು. ಚಲುವಮ್ಮ ಒಲೆ ಮುಂದೆ ಒಂದು ಹಾಳೆ ಎತ್ತಿಕೊಂಡು, "ಇದು ಕೊಂಬು," ಅಂದಳು. ನಾನು ಕೇಳದೆಯೇ ಹೇಳಿದಳು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಬೇಕಿರಲಿಲ್ಲ.

ಚಿತ್ರ ಮುಗಿದ ಮೇಲೆ ಮಂಡ್ಯಕ್ಕೆ ಒಯ್ದು ಗಾಜು ಹಾಕಿಸಿ, ಕಟ್ಟು ಹಾಕಿಸಿದೆ. ಬರುವಾಗ ಬಸ್ಸಿನಲ್ಲಿ ತೊಡೆ ಮೇಲೆ ನಿಲ್ಲಿಸಿಕೊಂಡು ಕೂತೆ. ಪಕ್ಕದವರು ನೋಡಲಿ ಎಂದೇ ಸುತ್ತಿದ್ದ ಪೇಪರ್ ಸ್ವಲ್ಪ ಸರಿಸಿ ಇಟ್ಟಿದ್ದೆ, ಸುಳ್ಳು ಯಾಕೆ ಹೇಳಬೇಕು.

ಸಂಕ್ರಾಂತಿ ಬೆಳಿಗ್ಗೆ ಜವರಯ್ಯನ ಮನೆಯಲ್ಲಿ ನೆಂಟರು, ಅಕ್ಕಪಕ್ಕದವರು ಸೇರಿದ್ದರು. ಪೇಪರ್ ಬಿಚ್ಚಿದೆ. "ಅಯ್ಯೋ ಸಿದ್ದ!" ಅಂತ ಯಾರೋ ಹೆಂಗಸು ಕೂಗಿಯೇಬಿಟ್ಟಳು. ಎಲ್ಲರೂ ಮುಂದೆ ಬಂದರು. ಜವರಯ್ಯ ನೋಡಿದ. ನೋಡುತ್ತಲೇ ಇದ್ದ. ಅವನ ಕಣ್ಣು ಒಂದು ಎತ್ತಿನಿಂದ ಇನ್ನೊಂದಕ್ಕೆ ಹೋಯಿತು, ಮತ್ತೆ ವಾಪಸ್ ಬಂತು. "ಚೆನ್ನಾಗದೆ ಬಾವ," ಅಂದವನು ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ದುಃಖ ಉಕ್ಕಿರಬೇಕು ಎಂದುಕೊಂಡೆ. ನನ್ನ ಚಿತ್ರ ಅಷ್ಟು ಚೆನ್ನಾಗಿದೆ ಎಂದು ಒಳಗೊಳಗೇ ಹಿಗ್ಗಿ, ಎಳ್ಳುಬೆಲ್ಲ ಎರಡು ಸಲ ಹಾಕಿಸಿಕೊಂಡು ತಿಂದೆ.

ಹದಿನೈದು ದಿನ ಬಿಟ್ಟು ಪೂರಿಗಾಲಿಗೆ ಹೋದಾಗ ಗೋಡೆ ಖಾಲಿ. ಚಿತ್ರ ರಾಗಿ ಮೂಟೆಯ ಹಿಂದೆ ಇತ್ತು, ಮುಖ ಗೋಡೆಗೆ ಮಾಡಿಕೊಂಡು.

ನನಗೆ ತಲೆ ಕೆಟ್ಟುಹೋಯಿತು. ಚಿತ್ರವನ್ನು ಎಳೆದುಕೊಂಡು ಕೊಟ್ಟಿಗೆಗೇ ಹೋದೆ. ಜವರಯ್ಯ ಮಲ್ಲನಿಗೆ ಕಬ್ಬಿನ ಸೋಗೆ ಹಾಕುತ್ತಿದ್ದ.

"ಏನ್ಲಾ ಇದು? ಬೇಡ ಅಂದ್ರೆ ಬಾಯಿಬಿಟ್ಟು ಹೇಳಬೇಕು. ಮೂಟೆ ಸಂದಿಗೆ ಹಾಕೋದಕ್ಕೆ ನಾನು ಕಣ್ಣು ಕಳ್ಕೊಂಡು ಬರೆದ್ನಾ?"

ಅವನು ಸೋಗೆಯ ಕಂತೆ ಕೆಳಗಿಟ್ಟ. "ಕೂಗ್ಬ್ಯಾಡ ಬಾವ. ಎಲ್ಲಾ ಸರ್ಯಾಗದೆ. ಕೊಂಬೂ ಅದೆ, ಇಣಿಲೂ ಅದೆ. ಆದ್ರೆ ನೀನು ಸಿದ್ದನ್ನ ಬಲಕ್ಕೆ ಕಟ್ಟಿದ್ದೀಯ."

"ಬಲಕ್ಕೆ?"

"ಅವ್ನು ಎಡಗಡೆಯೋನು. ಕರುವಾಗಿದ್ದಾಗಿಂದ ಎಡಕ್ಕೇ ಕಟ್ಟಿದ್ದು. ಗಾಡಿ ಮ್ಯಾಲೆ ಕೂತ್ರೆ ನನ್ನ ಎಡಗೈಗೆ ಅವ್ನು, ಬಲಗೈಗೆ ಮಲ್ಲ. ಅದಲು ಬದಲು ಕಟ್ಟುದ್ರೆ ಎಜ್ಜೆ ಎತ್ತಿಡ್ತಿರ್ನಿಲ್ಲ. ನಿನ್ ಚಿತ್ರ ನೋಡುದ್ರೆ ಯಾರ್ದೋ ಗಾಡಿ ಮ್ಯಾಲೆ ಯಾರೋ ಕೂತಂಗೆ ಆಯ್ತದೆ. ಅಬ್ಬದ್ ದಿನ, ನೆಂಟ್ರ ಮುಂದೆ ಏನೇಳ್ಲಿ? ಬಾವ ಆಸೆಯಿಂದ ತಂದವ್ನೆ ಅಂತ ಸುಮ್ಕಾದೆ."

ಎದುರಿಗೆ ನಿಂತು ನೋಡಿದರೆ ಎಡಬಲ ಬದಲಾಗುತ್ತದೆ, ಅಷ್ಟು ನನಗೂ ಗೊತ್ತು ಎಂದು ವಾದ ಮಾಡಿದೆ. ಫೋಟೋದಲ್ಲಿ ಇದ್ದ ಹಾಗೆಯೇ ಬರೆದಿದ್ದೇನೆ ಎಂದು ಫೋನ್ ತೆಗೆದು ತೋರಿಸಿದೆ. ಅವನೂ ನೋಡಿದ, ಅವನಿಗೂ ಗೊಂದಲವಾಯಿತು. ಫೋಟೋದಲ್ಲೂ ಸಿದ್ದ ತಪ್ಪು ಕಡೆಯೇ ನಿಂತಿದ್ದ. ಕೊನೆಗೆ ಚಂದನಳನ್ನು ಕೂಗಿದೆವು. ಅವಳು ನೋಡಿ, ನಾಲಗೆ ಕಚ್ಚಿಕೊಂಡಳು.

"ಅಯ್ಯೋ ಮಾವ, ಇದು ಸೆಲ್ಫಿ. ನನ್ ಫೋನಲ್ಲಿ ಕನ್ನಡಿ ಒಳಗೆ ಕಂಡಂಗೆ ಉಲ್ಟಾ ಬತ್ತದೆ. ನನ್ ವಾಚ್ ನೋಡಿ, ಯಾವ್ ಕೈಲದೆ?"

ಫೋಟೋದಲ್ಲಿ ವಾಚು ಅವಳ ಬಲಗೈಯಲ್ಲಿತ್ತು. ಎದುರಿಗೆ ನಿಂತಿದ್ದವಳ ಎಡಗೈಯಲ್ಲಿತ್ತು. ಕೈ ನೋಡಿಯೇ ಬದುಕಿದವನು ನಾನು. ಬಸ್ಸಿನಲ್ಲಿ ಬರುವ ಹುಡುಗಿಯರು ವಾಚು ಎಡಗೈಗೆ ಕಟ್ಟುತ್ತಾರೆ ಎಂದು ದಿನಾ ಕಂಡವನು. ಸಿದ್ದನ ಹಣೆ ಮೇಲಿದ್ದ, ವಾಚು ಕಟ್ಟಿದ ಆ ಕೈಯನ್ನು ಅಭ್ಯಾಸಕ್ಕೆಂದು ಅಳಿಸಿ ಅಳಿಸಿ ಬರೆಯುವಾಗಲೂ ನನಗೆ ಹೊಳೆಯಲಿಲ್ಲವಲ್ಲ! ನಗು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು, ಎರಡೂ ನನ್ನ ಮೇಲೆಯೇ. ಚಂದನ ಎರಡು ಸಲ ಬೆರಳು ಒತ್ತಿ ಫೋಟೋ ತಿರುಗಿಸಿ ಸರಿ ಮಾಡಿ ಕೊಟ್ಟಳು. ಸಿದ್ದ ಅವನ ಜಾಗಕ್ಕೆ ಹೋಗಿ ನಿಂತ.

"ಇನ್ನೊಂದು ಬರೀತೀನಿ," ಅಂದೆ.

"ಬ್ಯಾಡ ಬುಡು ಬಾವ. ಆಗಿದ್ ಆಯ್ತು."

"ನಿನ್ನ ಕೇಳ್ತಾ ಇಲ್ಲ ಕಣ್ಲಾ. ಬರೀತೀನಿ ಅಂದೆ."

ಈ ಸಲ ಫೋನನ್ನು ಜೇಬಿನಲ್ಲಿಟ್ಟು, ಸೀದಾ ಕೊಟ್ಟಿಗೆಯಲ್ಲಿ ಕೂರಬೇಕು ಎಂದು ತೀರ್ಮಾನಿಸಿದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ, ಬಿಸಿಲೇರುವ ತನಕ ಬರೆದು, ಮಧ್ಯಾಹ್ನ ಜವರಯ್ಯನ ಹೆಂಡತಿ ಹಾಕಿದ ಮುದ್ದೆ ಉಂಡು ವಾಪಸ್ ಬರುತ್ತಿದ್ದೆ. ಮುಂದಿನಿಂದ ಬರೆಯಲಿಲ್ಲ. ಗಾಡಿ ಮೇಲೆ ಕೂತವನಿಗೆ ಹೇಗೆ ಕಾಣುತ್ತದೋ ಹಾಗೆ, ಹಿಂದಿನಿಂದ ಕೊಂಚ ಓರೆಯಾಗಿ ಕೂತೆ. ಜವರಯ್ಯ ಆ ಕಡೆ ತಲೆ ಹಾಕಲಿಲ್ಲ. ಮೇವು ಹಾಕುವುದಕ್ಕೂ ಮಗಳನ್ನೇ ಕಳಿಸುತ್ತಿದ್ದ. ಮತ್ತೊಮ್ಮೆ ಸುಳ್ಳು ಹೇಳಬೇಕಾಗುತ್ತದೆ ಎಂಬ ಹೆದರಿಕೆ ಇರಬೇಕು.

ಕೂತು ನೋಡಿದ ಮೇಲೆ ನನಗೆ ಒಂದು ವಿಷಯ ಕಾಣಿಸಿತು. ಮಲ್ಲನ ಹಗ್ಗ ಉದ್ದವಾಗಿಯೇ ಇತ್ತು, ಕೊಟ್ಟಿಗೆ ಪೂರ್ತಿ ಅವನದೇ. ಆದರೂ ಅವನು ಬಲಗಡೆಯ ಅರ್ಧದಲ್ಲಿ ಮಾತ್ರ ನಿಲ್ಲುತ್ತಿದ್ದ. ಮಲಗಿದರೂ ಅಷ್ಟರಲ್ಲೇ. ಚಂದನ ಸೋಗೆಯನ್ನು ಮೇವಿನ ತೊಟ್ಟಿಯ ಎಡಕ್ಕೆ ಹಾಕಿದ ದಿನ, ಕತ್ತು ಚಾಚಿ ತನ್ನ ಕಡೆಗೆ ಎಳೆದುಕೊಂಡು ತಿಂದ, ಕಾಲು ಮಾತ್ರ ಆ ಕಡೆ ಇಡಲಿಲ್ಲ. ನಿಂತಾಗ ಮೈಯನ್ನು ಸ್ವಲ್ಪ ಎಡಕ್ಕೆ ವಾಲಿಸುತ್ತಿದ್ದ, ಪಕ್ಕದವನ ಮೈಗೆ ಮೈ ತಾಗಿಸುವವನ ಹಾಗೆ. ತಾಗದೆ ಮತ್ತೆ ಸರಿಯಾಗಿ ನಿಲ್ಲುತ್ತಿದ್ದ. ಇಷ್ಟು ದಿನ ಗೊರಸು, ಹಿಣಿಲು, ಬಾಲ ಎಂದು ತುಂಡು ತುಂಡಾಗಿ ನೋಡಿದ್ದವನಿಗೆ ಇದು ಕಂಡೇ ಇರಲಿಲ್ಲ. ಕಂಡದ್ದನ್ನು ಬರೆದೆ. ಬಲಗಡೆ ಮಲ್ಲ, ಆ ವಾಲಿಕೆ, ತೊಟ್ಟಿ, ಎರಡು ಗೂಟ. ಎಡಗಡೆ ಅರ್ಧ ಹಾಳೆ ಬಿಳಿಯಾಗಿ ಉಳಿಯಿತು. ಅಲ್ಲಿಗೆ ಸಿದ್ದನನ್ನು, ಬೆನ್ನು ಮಲ್ಲನದನ್ನು ನೋಡಿ, ಕೊಂಬು ಸರಿಯಾದ ಫೋಟೋ ನೋಡಿ, ಕೂರಿಸುವುದು ಎಂದು ಲೆಕ್ಕ ಹಾಕಿ, ಪೆನ್ಸಿಲ್ ಹೆರೆಯುತ್ತಾ ಕೂತಿದ್ದೆ.

ಅವತ್ತು ಚಂದನ ಕಾಲೇಜಿಗೆ ಬೇಗ ಹೋಗಿದ್ದಳು. ಸೋಗೆ ಹೊತ್ತುಕೊಂಡು ಜವರಯ್ಯನೇ ಬಂದ. ನನ್ನನ್ನು ದಾಟಿ ಹೋಗುವಾಗ ಹಾಳೆ ಕಣ್ಣಿಗೆ ಬಿತ್ತು. ಹೊರೆಯನ್ನು ಇಳಿಸದೆ ಹಾಗೇ ನಿಂತ. ಆಮೇಲೆ ಇಳಿಸಿ, ನನ್ನ ಪಕ್ಕ ಸಗಣಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ.

"ಇಂಗೇ ನಿಲ್ತಾನೆ," ಅಂದ. "ಕಳ್ಳ. ಇನ್ನೂ ಜಾಗ ಬುಟ್ಕಂಡೇ ನಿಲ್ತಾನೆ."

ಅವನ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ, ನನ್ನ ಮುಂದೆ ಅಳಲು ಅವನಿಗೆ ಸಂಕೋಚವೂ ಆಗಲಿಲ್ಲ. ನನಗೆ ಆ ಕ್ಷಣ ಅವನ ಮೇಲೆ ಬಹಳ ಪ್ರೀತಿ ಬಂತು. ಇಷ್ಟು ವರ್ಷದ ಆಡಿಕೆ ಮಾತೆಲ್ಲ ಎಲ್ಲಿ ಹೋಯಿತೋ.

"ತಾಳು, ಪೂರ್ತಿ ಆಗಿಲ್ಲ," ಅಂದೆ. "ಎಡಕ್ಕೆ ಸಿದ್ದ ಬರ್ತಾನೆ." ಪೆನ್ಸಿಲ್ ಹಾಳೆಗೆ ಇಟ್ಟೆ.

ಅವನು ನನ್ನ ಮಣಿಕಟ್ಟು ಹಿಡಿದುಬಿಟ್ಟ.

"ಬ್ಯಾಡ ಬಾವ. ಇಲ್ಲಿಗೆ ನಿಲ್ಸು."

"ಅರ್ಧ ಹಾಳೆ ಖಾಲಿ ಅದೆ ಕಣ್ಲಾ!"

"ಇರ್ಲಿ. ನೀನ್ ಬರುದ್ರೆ ಅದು ನಿನ್ ಎತ್ತಾಯ್ತದೆ. ಇಂಗೇ ಬುಟ್ರೆ ನಂದು."

ನಿಜ ಹೇಳಬೇಕೆಂದರೆ ನನಗೆ ಉರಿದುಹೋಯಿತು. ಬಾಗಿದ ಕೊಂಬನ್ನು ಕಲಿಯಲು ಎಷ್ಟು ಹಾಳೆ ಹಾಳು ಮಾಡಿದ್ದೆ! ಇವನು ಬೇಡ ಅನ್ನುತ್ತಾನೆ. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ನನ್ನ ಕೈ ಬಿಟ್ಟು, ತನ್ನ ಕೈಯನ್ನು ಹಾಳೆಯ ಖಾಲಿ ಅರ್ಧದ ಮೇಲೆ ತಂದ. ಮುಟ್ಟಲಿಲ್ಲ, ಮಸಿ ಆದೀತೆಂದು ಒಂದು ಬೆರಳಿನಷ್ಟು ಮೇಲೆಯೇ ಹಿಡಿದ. ಕೈ ಮೆಲ್ಲಗೆ ಹೋಯಿತು. ಒಂದು ಕಡೆ ಏರಿತು, ಅದು ಹಿಣಿಲು. ಅಲ್ಲಿಂದ ಇಳಿದು ನೆಟ್ಟಗೆ ಬೆನ್ನಿನ ಉದ್ದಕ್ಕೂ ಸಾಗಿ, ಬಾಲದ ಬುಡದಲ್ಲಿ ಎರಡು ಸಲ ತಟ್ಟಿತು. ದಿನಾ ಸಂಜೆ ಗಾಡಿ ಬಿಚ್ಚಿದ ಮೇಲೆ ತಟ್ಟುತ್ತಿದ್ದ ಹಾಗೆ. ಕೈಗಳನ್ನು ಓದಬಲ್ಲವನು ನಾನು. ಸಿದ್ದನನ್ನು ಅಷ್ಟು ಚೆನ್ನಾಗಿ ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಪೆನ್ಸಿಲನ್ನು ಡಬ್ಬಿಗೆ ಹಾಕಿ ಮುಚ್ಚಿದೆ.

ಮಂಡ್ಯದ ಕಟ್ಟು ಚೆನ್ನಾಗಿಯೇ ಇತ್ತು. ಹಳೇ ಚಿತ್ರ ತೆಗೆದು ಅದಕ್ಕೇ ಹೊಸದನ್ನು ಹಾಕಿದೆವು. ನಡುಮನೆಯ ಗೋಡೆಗೆ, ಬಾಗಿಲಿಗೆ ಎದುರಾಗಿ ಜವರಯ್ಯನೇ ಮೊಳೆ ಹೊಡೆದ. ಹಳೆಯದನ್ನು ಚಲುವಮ್ಮ ಎತ್ತಿಕೊಂಡು ಬಂದು ನಮ್ಮ ಮನೆಯಲ್ಲಿ ಹಾಕಿದ್ದಾಳೆ. "ನಮಗೆ ಎಡ ಆದ್ರೇನು ಬಲ ಆದ್ರೇನು, ಕೊಂಬ್ ಚೆನ್ನಾಗವೆ," ಅನ್ನುತ್ತಾಳೆ.

ಹೊಸ ಚಿತ್ರ ನೋಡಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ಯುಗಾದಿಗೆ ನಾನೂ ಚಲುವಮ್ಮನೂ ಹೋಗಿದ್ದಾಗ ದನದ ದಲ್ಲಾಳಿ ಮಹದೇವು ಬಂದ. ಮಲ್ಲನಿಗೆ ಜೊತೆ ಹುಡುಕಿ ಕೊಡುತ್ತೇನೆಂದು ಸಂಕ್ರಾಂತಿಯಿಂದಲೂ ಸುತ್ತುತ್ತಿದ್ದವನು, ಜವರಯ್ಯ ಕಿವಿಗೇ ಹಾಕಿಕೊಂಡಿರಲಿಲ್ಲ. ಗೋಡೆ ನೋಡಿ ನಕ್ಕ.

"ಏನಣ್ಣ, ನಿಮ್ ಬಾವಂಗೆ ಪೆನ್ಸಿಲ್ ಕಾಲಿಯಾಯ್ತಾ? ಅರ್ಧಕ್ಕೇ ಬುಟ್ಟವ್ರೆ?"

ಜವರಯ್ಯನಿಗೆ ಸಿಟ್ಟು ಬರಲಿಲ್ಲ. ಒಬ್ಬಟ್ಟಿನ ತಟ್ಟೆ ಅವನ ಕೈಗೆ ಕೊಟ್ಟು, ತಾನು ಚಿತ್ರದ ಹತ್ತಿರ ಹೋಗಿ ನಿಂತ. ಗಾಜಿನ ಮೇಲೆ ಕೈ ಆಡಿಸುತ್ತಾ ಹೇಳಲು ಶುರುಮಾಡಿದ. ಕೊಂಬು ಇಲ್ಲಿ ಬಾಗುತ್ತದೆ, ಹಿಣಿಲು ಇಷ್ಟೆತ್ತರ, ಆಲೆಮನೆಯ ಏರಿನಲ್ಲಿ ಕಬ್ಬಿನ ಗಾಡಿ ಹೂತುಕೊಂಡಾಗ ಮಂಡಿಯೂರಿ ಎಳೆದದ್ದು ಈ ಕಾಲು. ನಾನು ಮೂಲೆಯಲ್ಲಿ ಕೂತು ಪುಸ್ತಕ ತೆಗೆದು ಅವನ ಕೈ ಬರೆಯತೊಡಗಿದೆ. ಕೈ ಎಂದಿನಂತೆ ಬಂತು. ಅವತ್ತು ಯಾಕೋ ಅಲ್ಲಿಗೆ ನಿಲ್ಲಿಸಲು ಮನಸ್ಸಾಗಲಿಲ್ಲ. ತೋಳು, ಹೆಗಲು, ಕುತ್ತಿಗೆ ದಾಟಿ ಮೇಲಕ್ಕೆ ಹೋದೆ. ಚಲುವಮ್ಮ ಹಿಂದಿನಿಂದ ಬಗ್ಗಿ ನೋಡಿ, "ನಮ್ ಜವರ," ಅಂದಳು ಮೆಲ್ಲಗೆ.

ಮಹದೇವು ಒಬ್ಬಟ್ಟು ತಿನ್ನುವುದನ್ನು ಮರೆತು ಕೇಳುತ್ತಿದ್ದ. ಜವರಯ್ಯ ಬಾಲದ ಬುಡ ತಟ್ಟಿ ಕೈ ಕೆಳಗಿಳಿಸಿದ. ಮಹದೇವು ಎದ್ದು ಹತ್ತಿರ ಹೋಗಿ, ಆ ಬಿಳೀ ಜಾಗವನ್ನು ಮೇಲಿಂದ ಕೆಳಗಿನವರೆಗೂ ಸಾವಕಾಶವಾಗಿ ನೋಡಿದ, ಸಂತೆಯಲ್ಲಿ ನೋಡುವ ಹಾಗೆ.

"ಎಡಕ್ಕೆ ಇಂತದ್ದು ಸಿಗೋದು ಕಷ್ಟ ಕಣಣ್ಣ," ಅಂದ.